ಕಟ್ಟಿಲ್ಲದ ಸಭೆ, ಕಾಣದ ಕಟ್ಟು

ವಿಲಿಯಂ ಕೇರಿಯ ಹೆಸರು ಕನ್ನಡಿಗರಿಗೆ ಹೊಸದಲ್ಲ. 1817ರಷ್ಟು ಹಿಂದೆಯೇ ಬಂಗಾಳದ ಸೆರಾಂಪುರದಲ್ಲಿ ಕನ್ನಡದ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದು ಅಚ್ಚು ಹಾಕಿಸಿದ ಪಾದ್ರಿ ಅವನು. ಜಗತ್ತಿನ ಬ್ಯಾಪ್ಟಿಸ್ಟರಿಗಂತೂ ಅವನು ಮಿಷನರಿ ಕೆಲಸದ ಆದಿಪುರುಷ. ಎಲ್ಲ ಬಣದವರೂ ಅವನ ಪಟವನ್ನು ಗೋಡೆಗೆ ಹಾಕುತ್ತಾರೆ. ಆದರೆ ಅವನ ಬದುಕಿನ ಒಂದು ಪ್ರಕರಣವನ್ನು ಪಟ ಹಾಕಿದವರು ಅಷ್ಟಾಗಿ ಎತ್ತುವುದಿಲ್ಲ. 1827ರಲ್ಲಿ, ಸಾಯುವುದಕ್ಕೆ ಏಳು ವರ್ಷ ಮೊದಲು, ಕೇರಿಯೂ ಅವನ ಜೊತೆಗಾರ ಜೋಶುವಾ ಮಾರ್ಷ್‌ಮನ್ನನೂ ತಮ್ಮನ್ನು ಕಳಿಸಿದ ಬ್ಯಾಪ್ಟಿಸ್ಟ್ ಮಿಷನರಿ ಸೊಸೈಟಿಯ ಸಂಬಂಧವನ್ನೇ ಕಡಿದುಕೊಂಡರು.

ಜಗಳ ದೇವರ ಬಗ್ಗೆ ಆಗಿರಲಿಲ್ಲ, ಆಸ್ತಿಯ ಬಗ್ಗೆ ಆಗಿತ್ತು. ಕೇರಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಪಾಠ ಹೇಳಿ ಸಂಬಳ ತರುತ್ತಿದ್ದ. ಮಾರ್ಷ್‌ಮನ್ ದಂಪತಿ ಶಾಲೆ ನಡೆಸಿ ದುಡಿಯುತ್ತಿದ್ದರು. ಅಚ್ಚುಕೂಟ ತನ್ನ ಖರ್ಚನ್ನು ತಾನೇ ಹೊರುತ್ತಿತ್ತು. 1792ರಲ್ಲಿ ಕೆಟರಿಂಗ್ ಊರಿನ ವಿಧವೆಯೊಬ್ಬಳ ಮನೆಯಲ್ಲಿ ಕೂತು 13 ಪೌಂಡು 2 ಶಿಲ್ಲಿಂಗು 6 ಪೆನ್ಸ್ ಕೊಡುವ ಮಾತಿನೊಂದಿಗೆ ಸೊಸೈಟಿಯನ್ನು ಹುಟ್ಟುಹಾಕಿದ ಹಳೆಯ ಗೆಳೆಯರು ಇರುವ ತನಕ ಇದೆಲ್ಲ ನಂಬಿಕೆಯ ಮೇಲೆ ನಡೆಯಿತು. ಕಾರ್ಯದರ್ಶಿಯಾಗಿದ್ದ ಆಂಡ್ರ್ಯೂ ಫುಲ್ಲರ್ 1815ರಲ್ಲಿ ತೀರಿಕೊಂಡ. ಲಂಡನ್ನಿನಲ್ಲಿ ಹೊಸಬರು ಬಂದರು, ಕಟ್ಟಡಗಳು ಯಾರ ಹೆಸರಿನಲ್ಲಿವೆ, ಲೆಕ್ಕ ಎಲ್ಲಿ ಎಂದು ಕೇಳಿದರು. ದುಡಿದವರು ನಾವು ಎಂದು ಇವರು, ಕಳಿಸಿದವರು ನಾವು ಎಂದು ಅವರು. ಕೇರಿ ಸತ್ತ ಮೇಲೆಯೇ ಎರಡೂ ಕಡೆ ಮತ್ತೆ ಕೂಡಿದ್ದು.

ಇನ್ನೂರು ವರ್ಷಗಳಿಂದ ಬ್ಯಾಪ್ಟಿಸ್ಟರು ಆಡುತ್ತಿರುವ ಜಗಳ ಇದೇ. ಅಮೆರಿಕದಲ್ಲಿ ಅದು ಎರಡು ಗುಂಪುಗಳಾಗಿ ಗಟ್ಟಿಯಾಗಿದೆ: ಕನ್ವೆನ್ಷನ್ ಎಂಬ ಒಕ್ಕೂಟಕ್ಕೆ ಸೇರಿದ ಸಭೆಗಳು, ಸ್ವತಂತ್ರ ಸಭೆಗಳು. ಹೊರಗಿನವರಿಗೆ ವ್ಯತ್ಯಾಸ ಕಾಣುವುದೇ ಇಲ್ಲ. ಎರಡೂ ಕಡೆ ನಂಬಿಕೆಗೆ ಬಂದವರಿಗಷ್ಟೇ ಮುಳುಗಿಸಿ ದೀಕ್ಷಾಸ್ನಾನ, ಎರಡೂ ಕಡೆ ಬೈಬಲೇ ಪ್ರಮಾಣ, ಎರಡೂ ಕಡೆ ಬಿಷಪ್ಪನಿಲ್ಲ. ಪಾಸ್ಟರನನ್ನು ಕರೆಯುವವರೂ ಕಳಿಸುವವರೂ ಆ ಊರಿನ ಸಭೆಯ ಸದಸ್ಯರೇ. ಪ್ರತಿಯೊಂದು ಸಭೆಯೂ ಕ್ರಿಸ್ತನ ಕೆಳಗೆ ನೇರವಾಗಿ ನಿಂತಿದೆ, ನಡುವೆ ಯಾರೂ ಇಲ್ಲ ಎಂಬುದು ಇಬ್ಬರೂ ಒಪ್ಪುವ ಮಾತು. ತಕರಾರು ಹುಟ್ಟುವುದು ಮುಂದಿನ ಹೆಜ್ಜೆಯಲ್ಲಿ. ಮೇಲೆ ಯಾರೂ ಇಲ್ಲದ ಸಭೆಗೆ ಪಕ್ಕದಲ್ಲಿ ಯಾರಿರಬೇಕು? ಸಮುದ್ರದಾಚೆಗೆ ಒಬ್ಬನನ್ನು ಕಳಿಸುವ ಶಕ್ತಿ ಮುನ್ನೂರು ಜನರ ಸಭೆಗೆ ಎಲ್ಲಿಂದ ಬರಬೇಕು?

ಕನ್ವೆನ್ಷನ್ ಕೊಟ್ಟ ಉತ್ತರ ಹುಂಡಿ. 1925ರಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಕೋಆಪರೇಟಿವ್ ಪ್ರೋಗ್ರಾಂ ಎಂಬ ಏರ್ಪಾಡನ್ನು ತಂದಿತು. ಸಭೆ ತನ್ನ ಕಾಣಿಕೆಯಲ್ಲಿ ಇಂತಿಷ್ಟು ಪಾಲು ಎಂದು ತಾನೇ ತೀರ್ಮಾನಿಸಿ ರಾಜ್ಯದ ಕನ್ವೆನ್ಷನ್ನಿಗೆ ಕಳಿಸುತ್ತದೆ. ಅದು ತನ್ನ ಪಾಲು ಇಟ್ಟುಕೊಂಡು ಉಳಿದದ್ದನ್ನು ರಾಷ್ಟ್ರಮಟ್ಟಕ್ಕೆ ದಾಟಿಸುತ್ತದೆ. ಅಲ್ಲಿ ಸೇರಿದ್ದರಲ್ಲಿ ಸುಮಾರು ಅರ್ಧ ವಿದೇಶದ ಮಿಷನರಿಗಳಿಗೆ, ಮಿಕ್ಕದ್ದು ಸ್ವದೇಶದ ಸೇವೆ, ಸೆಮಿನರಿಗಳು ಇತ್ಯಾದಿಗೆ. ಮಿಷನರಿಗೆ ತಿಂಗಳ ಸಂಬಳ, ಆರೋಗ್ಯ ವಿಮೆ, ನಿವೃತ್ತಿ ವೇತನ. ಅವನು ಜಪಾನಿನಲ್ಲೋ ಕೀನ್ಯಾದಲ್ಲೋ ಭಾಷೆ ಕಲಿಯುತ್ತಾ ಕೂರಬಹುದು. ಅವನ ಹೆಸರನ್ನೇ ಕೇಳದ ಸಾವಿರಾರು ಸಭೆಗಳು ಅವನನ್ನು ಸಾಕುತ್ತಿರುತ್ತವೆ.

ಸ್ವತಂತ್ರರು ಕೊಟ್ಟ ಉತ್ತರ ಮುಖ. ಮಿಷನರಿಯಾಗಬೇಕು ಎಂದವನು ಹೆಂಡತಿ ಮಕ್ಕಳನ್ನು ಕಾರಿಗೆ ಹತ್ತಿಸಿಕೊಂಡು ಎರಡು ಮೂರು ವರ್ಷ ಊರೂರು ತಿರುಗುತ್ತಾನೆ. ಡೆಪ್ಯುಟೇಷನ್ ಎಂದು ಅದನ್ನು ಕರೆಯುತ್ತಾರೆ. ಭಾನುವಾರ ಒಂದು ಸಭೆ, ಬುಧವಾರ ಇನ್ನೊಂದು. ಹೋಗಲಿರುವ ದೇಶದ ಚಿತ್ರ ತೋರಿಸಿ, ಪ್ರಸಂಗ ಮಾಡಿ, ಊಟದ ಮೇಜಿನಲ್ಲಿ ಪ್ರಶ್ನೆಗಳಿಗೆ ಉತ್ತರ ಹೇಳುತ್ತಾನೆ. ಒಪ್ಪಿಗೆಯಾದರೆ ಆ ಸಭೆ ತಿಂಗಳಿಗೆ ಐವತ್ತೋ ನೂರೋ ಡಾಲರ್ ಬರೆದುಕೊಳ್ಳುತ್ತದೆ. ಹೀಗೆ ಹತ್ತಾರು ಸಭೆಗಳು ಕೂಡಿದಾಗ ಒಂದು ಸಂಸಾರದ ಖರ್ಚು. ಅವನ ಪ್ರಾರ್ಥನಾಪತ್ರ ಆ ಸಭೆಗಳ ನೋಟಿಸ್ ಬೋರ್ಡಿನಲ್ಲಿ ತೂಗುತ್ತದೆ, ಫೋಟೋ ಸದಸ್ಯರ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ. ಊರ ಜಾತ್ರೆಗೆ ವಂತಿಗೆ ಕೊಡುವುದಕ್ಕೂ ಸ್ವಂತ ಹರಕೆ ಹೊತ್ತು ನಡೆದುಹೋಗುವುದಕ್ಕೂ ಇರುವ ಅಂತರ ಇದು. ವಂತಿಗೆ ಇಲ್ಲದೆ ತೇರು ಎಳೆಯುವುದಿಲ್ಲ ನಿಜ. ಆದರೆ ವಂತಿಗೆ ಕೊಟ್ಟವನಿಗೆ ಕಾಲು ನೋಯುವುದಿಲ್ಲ.

ಸ್ವತಂತ್ರರ ವಾದದ ಜೀವ ಇರುವುದು ಇಲ್ಲಿಯೇ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕೊಡುವವನಿಗೂ ಪಡೆಯುವವನಿಗೂ ನಡುವೆ ಒಂದು ಕಚೇರಿ ಬಂದ ಕೂಡಲೇ ಇಬ್ಬರೂ ಸ್ವಲ್ಪ ಸೋಮಾರಿಗಳಾಗುತ್ತಾರೆ. ಚೆಕ್ ಕಳಿಸಿದ ಸಭೆಗೆ ಮಿಷನ್ ಮುಗಿಯಿತು. ಸಂಬಳ ಪಡೆದವನಿಗೆ ಸಭೆ ದೂರವಾಯಿತು. ಈ ಮಾತನ್ನು ಮೊದಲು ಆಡಿದವರು ಇಪ್ಪತ್ತನೆಯ ಶತಮಾನದವರಲ್ಲ. 1832ರಲ್ಲಿ ಮೇರಿಲ್ಯಾಂಡಿನ ಬ್ಲ್ಯಾಕ್ ರಾಕ್ ಎಂಬಲ್ಲಿ ಸೇರಿದ ಹಳೆಯ ಪಂಥದವರು ಮಿಷನರಿ ಸೊಸೈಟಿ, ಭಾನುವಾರದ ಶಾಲೆ ಎಲ್ಲವನ್ನೂ ಬೈಬಲಿನಲ್ಲಿಲ್ಲದ ಕಟ್ಟೋಣಗಳೆಂದು ನಿರಾಕರಿಸಿದರು. 1850ರ ದಶಕದಲ್ಲಿ ಟೆನೆಸಿಯ ಜೆ. ಆರ್. ಗ್ರೇವ್ಸ್ ಕಟ್ಟಿದ ಲ್ಯಾಂಡ್‌ಮಾರ್ಕ್ ಪಂಥದವರು, ಮಿಷನರಿಯನ್ನು ಕಳಿಸುವ ಅಧಿಕಾರ ಸ್ಥಳೀಯ ಸಭೆಗಷ್ಟೇ ಇದೆ, ಮಂಡಳಿಗಿಲ್ಲ ಎಂದರು.

ಇದರ ಅತಿ ಸ್ವಾರಸ್ಯಕರ ಅಧ್ಯಾಯ ನಡೆದದ್ದು ಚೀನದ ಶಾನ್‌ಡಾಂಗ್ ಪ್ರಾಂತ್ಯದಲ್ಲಿ. ಟಿ. ಪಿ. ಕ್ರಾಫರ್ಡ್ ಅಲ್ಲಿ ಸದರ್ನ್ ಬ್ಯಾಪ್ಟಿಸ್ಟರ ಹಿರಿಯ ಮಿಷನರಿ. 1892ರಲ್ಲಿ ಅವನು ಒಂದು ಕಿರುಹೊತ್ತಗೆ ಬರೆದು ಮಂಡಳಿಗಳು ಹಿಂದಕ್ಕೆ ಸರಿಯಲಿ, ಸಭೆಗಳೇ ಮುಂದೆ ಬರಲಿ ಎಂದು ಕರೆಕೊಟ್ಟ. ಕನ್ವೆನ್ಷನ್ನಿನ ವಿದೇಶ ಮಿಷನ್ ಮಂಡಳಿ ಅವನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿತು. ಅದೇ ಪ್ರಾಂತ್ಯದಲ್ಲಿ ಅವನ ಸಹೋದ್ಯೋಗಿಯಾಗಿದ್ದವಳು ಲಾಟಿ ಮೂನ್. 1873ರಲ್ಲಿ ಚೀನಕ್ಕೆ ಹೋದವಳು ಅಲ್ಲಿಂದ ಅಮೆರಿಕದ ಹೆಂಗಸರಿಗೆ ಪತ್ರ ಬರೆದು ಬರೆದು, ಕ್ರಿಸ್ಮಸ್ ಸಮಯದಲ್ಲಿ ವಿಶೇಷ ಕಾಣಿಕೆ ಎತ್ತಿ ಎಂದು ಒತ್ತಾಯಿಸಿದಳು. 1888ರಲ್ಲಿ ಮೊದಲ ಬಾರಿ ಮೂರು ಸಾವಿರ ಡಾಲರಿಗೂ ಹೆಚ್ಚು ಸೇರಿತು. ಮಂಡಳಿ ಸಾಲದಲ್ಲಿ ಮುಳುಗಿದ್ದ 1912ರಲ್ಲಿ, ಕ್ಷಾಮದ ನಾಡಿನಿಂದ ಊರಿಗೆ ಮರಳುವ ಹಾದಿಯಲ್ಲಿ, ಜಪಾನಿನ ಕೋಬೆ ಬಂದರಿನಲ್ಲಿ ನಿಂತ ಹಡಗಿನಲ್ಲಿಯೇ ಅವಳು ಸತ್ತಳು. ಇವತ್ತಿಗೂ ಕನ್ವೆನ್ಷನ್ನಿನ ವಿದೇಶ ಸೇವೆಗೆ ಅತಿ ಹೆಚ್ಚು ಹಣ ಬರುವುದು ಅವಳ ಹೆಸರಿನ ಕ್ರಿಸ್ಮಸ್ ಕಾಣಿಕೆಯಿಂದ. ಕನ್ವೆನ್ಷನ್ನಿನ ಜನಕ್ಕೂ ಹುಂಡಿಯೊಂದೇ ಸಾಲಲಿಲ್ಲ ಎಂಬುದು ಇದರಲ್ಲಿದೆ. ಜೇಬು ಬಿಚ್ಚಲು ಅವರಿಗೂ ಒಂದು ಮುಖ ಬೇಕಾಯಿತು, ಸತ್ತವಳ ಮುಖವಾದರೂ ಸರಿ.

ಹಣ ಬರುವ ದಾರಿ ಕೆಲಸದ ಆಕಾರವನ್ನೂ ತೀರ್ಮಾನಿಸುತ್ತದೆ. ಬೆಂಗಳೂರಿನ ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆಗೆ ಹೋಗಿಬಂದವರಲ್ಲಿ ಎಷ್ಟು ಜನ ಅದರ ಮೂಲ ವಿಚಾರಿಸಿದ್ದಾರೋ ತಿಳಿಯದು. 1973ರಲ್ಲಿ ಅದನ್ನು ತೆರೆದದ್ದು ಸದರ್ನ್ ಬ್ಯಾಪ್ಟಿಸ್ಟರ ವಿದೇಶ ಮಿಷನ್ ಮಂಡಳಿ. 1989ರಲ್ಲಿ ಆಡಳಿತ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಕೈಗೆ ಬಂತು. ಆಸ್ಪತ್ರೆ ಕಟ್ಟುವುದು ಫ್ರಿಜ್ಜಿನ ಮೇಲಿನ ಫೋಟೋದಿಂದ ಆಗುವ ಕೆಲಸವಲ್ಲ. ಅದಕ್ಕೆ ಹತ್ತಿಪ್ಪತ್ತು ವರ್ಷ ನಿಲ್ಲದೆ ಹರಿಯುವ, ಫಲ ಎಲ್ಲಿ ಎಂದು ತಿಂಗಳಿಗೊಮ್ಮೆ ಕೇಳದ ಹಣ ಬೇಕು. ಡೆಪ್ಯುಟೇಷನ್ನಿನ ಹಣ ಹಾಗಲ್ಲ. ಪತ್ರದಲ್ಲಿ ಇಷ್ಟು ಜನ ನಂಬಿಕೆಗೆ ಬಂದರು, ಇಷ್ಟು ಜನಕ್ಕೆ ದೀಕ್ಷಾಸ್ನಾನವಾಯಿತು ಎಂದು ಬರೆಯುವಂತಿರಬೇಕು. ಹೀಗಾಗಿ ಸ್ವತಂತ್ರ ಮಿಷನರಿ ಬಹುಮಟ್ಟಿಗೆ ಸಭೆ ನೆಡುವವನು, ಒಂಟಿ ಸಂಸಾರದ ಬಲದಲ್ಲಿ ಆಗುವ ಕೆಲಸ ಮಾಡುವವನು. ಇಂದಿನ ಬಾಂಗ್ಲಾದೇಶದ ಮಾಲುಮ್‌ಘಾಟಿನಲ್ಲಿ 1966ರಲ್ಲಿ ಆರಂಭವಾದ ಆಸ್ಪತ್ರೆಯನ್ನು ಸ್ವತಂತ್ರ ಬ್ಯಾಪ್ಟಿಸ್ಟರೇ ಕಟ್ಟಿದರಲ್ಲ ಎಂದು ಯಾರಾದರೂ ಕೇಳಬಹುದು. ಹೌದು, ಕಟ್ಟಿದರು. ಆದರೆ ಕಟ್ಟುವಾಗ ಅವರ ಹಿಂದೆ ಎಬಿಡಬ್ಲ್ಯುಇ ಎಂಬ ಮಿಷನ್ ಸಂಸ್ಥೆ ಇತ್ತು. ಅದಕ್ಕೊಂದು ಕೇಂದ್ರ ಕಚೇರಿ, ಮಂಡಳಿ, ನಿಯಮಾವಳಿ ಎಲ್ಲವೂ ಇದ್ದವು. ಕನ್ವೆನ್ಷನ್ ಎಂಬ ಹೆಸರೊಂದು ಇರಲಿಲ್ಲ.

ಇನ್ನು ಅನ್ಯೋನ್ಯತೆ. ಕನ್ವೆನ್ಷನ್ನಿನ ಸಭೆಗೆ ಅದು ಹುಟ್ಟಿನಿಂದ ಬಂದ ನಂಟು. ಸದರ್ನ್ ಬ್ಯಾಪ್ಟಿಸ್ಟರ ಸುಮಾರು 47 ಸಾವಿರ ಸಭೆಗಳಲ್ಲಿ ಒಂದು ಎಂದರೆ ಪಕ್ಕದ ಕೌಂಟಿಯ ಸಭೆಯ ಪಾಸ್ಟರ್ ಹೇಗೆ ಪ್ರಸಂಗ ಮಾಡುತ್ತಾನೆಂದು ವಿಚಾರಿಸಿ ನಂಟು ಬೆಳೆಸಬೇಕಾಗಿಲ್ಲ. ಅವನು ಇಷ್ಟವಿಲ್ಲದಿದ್ದರೂ ನೆಂಟನೇ. ವರ್ಷಕ್ಕೊಮ್ಮೆ ಸೇರುವ ಮಹಾಸಭೆಗೆ ಹೋಗುವವರನ್ನು ಪ್ರತಿನಿಧಿಗಳೆನ್ನದೆ ಸಂದೇಶವಾಹಕರೆಂದು ಕರೆಯುತ್ತಾರೆ, ಏಕೆಂದರೆ ಅಲ್ಲಿ ಆದ ತೀರ್ಮಾನ ಮನೆಯ ಸಭೆಯನ್ನು ಕಟ್ಟಿಹಾಕಬಾರದು. ಕನ್ವೆನ್ಷನ್ ಪಾಸ್ಟರನನ್ನು ನೇಮಿಸಲಾರದು, ಕಟ್ಟಡ ಕಿತ್ತುಕೊಳ್ಳಲಾರದು. ಅದಕ್ಕಿರುವ ಒಂದೇ ಅಸ್ತ್ರವೆಂದರೆ ನೀವು ನಮ್ಮವರಲ್ಲ ಎನ್ನುವುದು. 2023ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಎಂಬ ದೈತ್ಯ ಸಭೆ ಹೆಂಗಸನ್ನು ಪಾಸ್ಟರಳನ್ನಾಗಿ ಮಾಡಿತೆಂದು ಅದೇ ಅಸ್ತ್ರ ಬಳಸಿದರು. ಅದನ್ನು ಮಾಡಿದ ರೀತಿಯನ್ನು ಗಮನಿಸಬೇಕು: ಬಯಲಿನಲ್ಲಿ, ಮೈಕಿನ ಮುಂದೆ, ಆ ಸಭೆಯ ಸ್ಥಾಪಕನಿಗೂ ಮಾತಾಡಲು ಅವಕಾಶ ಕೊಟ್ಟು, ಮತ ಎಣಿಸಿ. ತೀರ್ಪು ನನಗೆ ಒಪ್ಪಿಗೆಯಿಲ್ಲ. ವಿಧಾನ ಒಪ್ಪಿಗೆ.

ಸ್ವತಂತ್ರರಲ್ಲಿ ಅನ್ಯೋನ್ಯತೆ ಆರಿಸಿಕೊಂಡದ್ದು. ಯಾರು ಯಾರ ಪ್ರಸಂಗ ಪೀಠ ಹತ್ತುತ್ತಾರೆ, ಯಾವ ಬೈಬಲ್ ಕಾಲೇಜಿಗೆ ಮಕ್ಕಳನ್ನು ಕಳಿಸುತ್ತಾರೆ, ಯಾವ ಪತ್ರಿಕೆ ತರಿಸುತ್ತಾರೆ ಎನ್ನುವುದರ ಮೇಲೆ ಅದು ನಿಲ್ಲುತ್ತದೆ. ಇದು ಗೆಳೆತನದಷ್ಟು ಚಂದ, ಗೆಳೆತನದಷ್ಟೇ ಕ್ರೂರ. ತಪ್ಪು ಮಾಡಿದವನಿಂದ ದೂರವಿರಬೇಕು ಎಂಬಲ್ಲಿಗೆ ಇದು ನಿಲ್ಲುವುದಿಲ್ಲ. ತಪ್ಪು ಮಾಡಿದವನಿಂದ ದೂರವಿರದವನಿಂದಲೂ ದೂರವಿರಬೇಕು ಎನ್ನುವ ತನಕ ಹೋಗುತ್ತದೆ. 1957ರಲ್ಲಿ ಬಿಲ್ಲಿ ಗ್ರಹಾಂ ನ್ಯೂಯಾರ್ಕಿನ ತನ್ನ ಸುವಾರ್ತಾ ಕೂಟಗಳಿಗೆ ಉದಾರವಾದಿ ಚರ್ಚುಗಳ ಸಹಕಾರ ಪಡೆದಾಗ, ಅವನ ಹಳೆಯ ಮಿತ್ರ ಜಾನ್ ಆರ್. ರೈಸನ ಪತ್ರಿಕೆಯ ನಂಟು ಮುರಿಯಿತು. ಗ್ರಹಾಮನ ಪರವೋ ವಿರುದ್ಧವೋ ಎಂಬ ಪ್ರಶ್ನೆ ಆಮೇಲೆ ಊರೂರಿನ ಪುಟ್ಟ ಸಭೆಗಳನ್ನೂ ಬಿಡಲಿಲ್ಲ. ಯಾವ ಮಹಾಸಭೆಯೂ ಮತ ಹಾಕಲಿಲ್ಲ, ಯಾರೂ ಆದೇಶ ಕಳಿಸಲಿಲ್ಲ. ಕರೆ ಬರುವುದು ನಿಂತಿತು, ಅಷ್ಟೆ.

ಈ ಬಗೆಯ ಅಧಿಕಾರಕ್ಕೆ ಜೆ. ಫ್ರಾಂಕ್ ನಾರಿಸ್ ಪಾಠದಂತಿದ್ದಾನೆ. ಟೆಕ್ಸಾಸಿನ ಫೋರ್ಟ್ ವರ್ತ್ ನಗರದ ಪಾಸ್ಟರ್. ಕನ್ವೆನ್ಷನ್ನಿನ ನಾಯಕರನ್ನು ಜೀವಮಾನವಿಡೀ ಬೈದವನು. 1926ರಲ್ಲಿ ತನ್ನ ಕಚೇರಿಗೆ ಬಂದ ನಿರಾಯುಧ ವ್ಯಾಪಾರಿಯೊಬ್ಬನನ್ನು ಗುಂಡಿಟ್ಟು ಕೊಂದು, ಆತ್ಮರಕ್ಷಣೆ ಎಂದು ನ್ಯಾಯಾಲಯದಲ್ಲಿ ಬಿಡುಗಡೆ ಪಡೆದವನು. 1930ರ ದಶಕದಿಂದ ಫೋರ್ಟ್ ವರ್ತ್ ಮತ್ತು ಡೆಟ್ರಾಯಿಟ್ ಎರಡೂ ಕಡೆಯ ದೊಡ್ಡ ಸಭೆಗಳಿಗೆ ಏಕಕಾಲಕ್ಕೆ ಪಾಸ್ಟರ್ ಆಗಿದ್ದವನು. ಕನ್ವೆನ್ಷನ್ ಎಂಬ ಯಂತ್ರ ಸಭೆಯ ಸ್ವಾತಂತ್ರ್ಯವನ್ನು ನುಂಗುತ್ತಿದೆ ಎಂದು ಗುಡುಗಿದ ಅವನ ಸುತ್ತ ಸ್ವತಂತ್ರರ ಒಂದು ಬಳಗವೇ ಬೆಳೆಯಿತು, ಸೆಮಿನರಿ ಬಂತು, ಮಿಷನರಿಗಳು ಹೊರಟರು. 1950ರಲ್ಲಿ ಆ ಸೆಮಿನರಿಯ ಮೇಲೆ ಯಾರ ಹಿಡಿತ ಎಂದು ಜಗಳವಾಗಿ, ಜಿ. ಬಿ. ವಿಕ್ ಮುಂದಾಳತ್ವದಲ್ಲಿ ಪಾಸ್ಟರುಗಳು ಎದ್ದುಹೋಗಿ ಬ್ಯಾಪ್ಟಿಸ್ಟ್ ಬೈಬಲ್ ಫೆಲೋಶಿಪ್ ಕಟ್ಟಿಕೊಂಡು ಮಿಸ್ಸೌರಿಯ ಸ್ಪ್ರಿಂಗ್‌ಫೀಲ್ಡಿನಲ್ಲಿ ನೆಲೆಯೂರಿದರು. ಮಂಡಳಿ ಬೇಡ ಎಂದು ಹೊರಟವರಿಗೆ ಒಬ್ಬ ಮನುಷ್ಯನೇ ಮಂಡಳಿಯಾಗಿದ್ದ. ಮಂಡಳಿಯನ್ನಾದರೆ ಚುನಾವಣೆಯಲ್ಲಿ ಬದಲಿಸಬಹುದು. ಮನುಷ್ಯನನ್ನು ಬದಲಿಸಲು ಬಿಟ್ಟುಹೋಗುವುದೊಂದೇ ದಾರಿ.

ಆದ್ದರಿಂದ ಸ್ವತಂತ್ರ ಮತ್ತು ಅಧೀನ ಎಂಬ ಭಾಷೆಯಲ್ಲಿ ಈ ವ್ಯತ್ಯಾಸವನ್ನು ಹೇಳುವುದು ನನಗೆ ಸರಿಕಾಣುವುದಿಲ್ಲ. ಎರಡೂ ಕಡೆ ಕಟ್ಟು ಇದೆ. ಒಂದು ಕಡೆಯದ್ದು ಬರೆದಿಟ್ಟದ್ದು, ಇನ್ನೊಂದು ಕಡೆಯದ್ದು ಬರೆಯದ್ದು. ನನ್ನ ಒಲವು ಬರೆದಿಟ್ಟದ್ದರ ಕಡೆಗೆ. ಬರೆದ ನಿಯಮವನ್ನು ಎತ್ತಿ ತೋರಿಸಿ ಇದು ಅನ್ಯಾಯ ಎನ್ನಬಹುದು. ಬರೆಯದ ನಿಯಮವನ್ನು ಮುರಿದವನಿಗೆ ತಾನು ಮುರಿದದ್ದು ಯಾವುದು ಎಂದೂ ಗೊತ್ತಾಗುವುದಿಲ್ಲ.

ಹಾಗೆಂದು ಬರೆದ ಕಟ್ಟು ನ್ಯಾಯವನ್ನೇ ತರುತ್ತದೆಂದು ನಂಬಿದರೆ ಇತಿಹಾಸ ನಗುತ್ತದೆ. ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಹುಟ್ಟಿದ್ದೇ ಗುಲಾಮರ ಒಡೆಯನು ಮಿಷನರಿಯಾಗಬಹುದೇ ಎಂಬ ಪ್ರಶ್ನೆಯ ಮೇಲೆ. 1814ರಲ್ಲಿ ಫಿಲಡೆಲ್ಫಿಯಾದಲ್ಲಿ ಬರ್ಮಾದ ಜಡ್ಸನ್ ದಂಪತಿಯನ್ನು ಸಾಕಲೆಂದು ಉತ್ತರ ದಕ್ಷಿಣದವರು ಒಂದಾಗಿದ್ದರು. ಮೂವತ್ತು ವರ್ಷ ಆ ಒಗ್ಗಟ್ಟು ಉಳಿದದ್ದು ಗುಲಾಮಗಿರಿಯ ಮಾತನ್ನು ಮಹಾಸಭೆಯಿಂದ ಹೊರಗಿಟ್ಟದ್ದರಿಂದ. ಕೊನೆಗೆ ಮಂಡಳಿ ಇಲ್ಲ ಎಂದಿತು. 1845ರಲ್ಲಿ ದಕ್ಷಿಣದವರು ಜಾರ್ಜಿಯಾದ ಆಗಸ್ಟಾದಲ್ಲಿ ಬೇರೆ ಮನೆ ಹೂಡಿದರು. ತಪ್ಪೊಪ್ಪಿಗೆ ಬರಲು 1995 ಆಗಬೇಕಾಯಿತು. ಒಂದೇ ಹುಂಡಿಯಿಂದ ಉಣ್ಣುವವರು ಹುಂಡಿ ಒಡೆಯುವ ಮಾತನ್ನು ಆಡದಿರಲು ಕಲಿಯುತ್ತಾರೆ. ಇದಕ್ಕೆದುರಾಗಿ ಜಾರ್ಜ್ ಲೀಲ್ ಇದ್ದಾನೆ. ಜಾರ್ಜಿಯಾದಲ್ಲಿ ಗುಲಾಮಗಿರಿಯಿಂದ ಬಿಡುಗಡೆ ಪಡೆದ ಕರಿಯ ಪ್ರಸಂಗಿ. ಕೇರಿ ಭಾರತಕ್ಕೆ ಬರುವ ಹತ್ತು ವರ್ಷ ಮೊದಲೇ, ಯಾವ ಸೊಸೈಟಿಯ ಕಾಸೂ ಇಲ್ಲದೆ, ಹಡಗಿನ ಖರ್ಚಿಗಾಗಿ ಜೀತದ ಕರಾರು ಬರೆದುಕೊಟ್ಟು ಜಮೈಕಾಕ್ಕೆ ಹೋಗಿ ಅಲ್ಲಿನ ಗುಲಾಮರ ನಡುವೆ ಸಭೆ ಕಟ್ಟಿದ. ಯಾವ ಹುಂಡಿಯಿಂದಲೂ ಅವನಿಗೆ ಪಾಲು ಸಿಗುವಂತಿರಲಿಲ್ಲ. ಸ್ವತಂತ್ರರು ತಮ್ಮ ಪೂರ್ವಿಕನನ್ನು ಹುಡುಕುವುದಾದರೆ ನಾರಿಸನನ್ನು ಬಿಟ್ಟು ಇವನ ಹತ್ತಿರ ಹೋಗಬೇಕು.

ಆದರೆ ಕನ್ವೆನ್ಷನ್ನಿನ ಮೇಲೆ ನನ್ನ ದೊಡ್ಡ ಆಕ್ಷೇಪ 1845ರದ್ದಲ್ಲ, ತೀರ ಈಚಿನದು. ಅದು ತನ್ನ ನಂಬಿಕೆಯ ಹೇಳಿಕೆಯನ್ನು 2000ದಲ್ಲಿ ತಿದ್ದಿತು. ವಿದೇಶದಲ್ಲಿದ್ದ ಪ್ರತಿ ಮಿಷನರಿಯೂ ಅದನ್ನು ಒಪ್ಪಿದ್ದೇನೆಂದು ತಿಳಿಸಬೇಕೆಂದು ಮಂಡಳಿ ಕೇಳಿತು. 2003ರಲ್ಲಿ ಒಪ್ಪದ 13 ಜನರನ್ನು ಕೆಲಸದಿಂದ ತೆಗೆದುಹಾಕಿತು. ಇನ್ನೂ ಹತ್ತಾರು ಜನ ತಾವೇ ರಾಜೀನಾಮೆ ಕೊಟ್ಟರು. ಸಾವಿರಾರು ಮೈಲಿಯಾಚೆಯ ಮನುಷ್ಯನ ಮನಸ್ಸಿನ ತನಕ ಕೈ ಚಾಚುವ ಶಕ್ತಿ ಅದಕ್ಕಿತ್ತು. ಅದೇ ಕನ್ವೆನ್ಷನ್ನಿಗೆ 2007ರಲ್ಲಿ, ಮಕ್ಕಳ ಮೇಲೆ ದೌರ್ಜನ್ಯ ಮಾಡಿ ಒಂದು ಸಭೆಯಿಂದ ಇನ್ನೊಂದಕ್ಕೆ ಜಾರಿಕೊಳ್ಳುವ ಪಾಸ್ಟರುಗಳ ಪಟ್ಟಿಯೊಂದನ್ನು ಇಡಿ ಎಂದು ಮನವಿ ಬಂದಾಗ, ಮರುವರ್ಷ ಬಂದ ಉತ್ತರ ಹೀಗಿತ್ತು: ನಮ್ಮ ಸಭೆಗಳು ಸ್ವತಂತ್ರ, ನಾವು ಕೈಹಾಕಲಾಗದು. 2022ರಲ್ಲಿ ಗೈಡ್‌ಪೋಸ್ಟ್ ಎಂಬ ತನಿಖಾ ಸಂಸ್ಥೆಯ ವರದಿ ಹೊರಬಿದ್ದಾಗ, ಕಾರ್ಯಕಾರಿ ಸಮಿತಿಯ ಕಚೇರಿಯಲ್ಲಿ ಏಳುನೂರಕ್ಕೂ ಹೆಚ್ಚು ಹೆಸರುಗಳ ಪಟ್ಟಿ ಗುಟ್ಟಾಗಿ ಇತ್ತೆಂದು ತಿಳಿಯಿತು.

ಸಿದ್ಧಾಂತದ ವಿಷಯ ಬಂದಾಗ ಒಂದೇ ದೇಹ, ಹೊಣೆಯ ವಿಷಯ ಬಂದಾಗ 47 ಸಾವಿರ ದೇಹ. ಸ್ವತಂತ್ರರ ಕಡೆಯೂ ಇದೇ ಆಟ ಬೇರೆ ರೀತಿಯಲ್ಲಿ ನಡೆಯಿತು. ಮೇಲೆ ಹೇಳಿದ ಮಾಲುಮ್‌ಘಾಟ್ ಆಸ್ಪತ್ರೆಯಲ್ಲಿ ಮಿಷನರಿ ಮಕ್ಕಳ ಮೇಲೆ ದೌರ್ಜನ್ಯ ಎಸಗಿದ ವೈದ್ಯನೊಬ್ಬನನ್ನು ಮಿಷನ್ ಸಂಸ್ಥೆ 1989ರಲ್ಲಿ ಹೊರಹಾಕಿತು, ಆದರೆ ನಿಜವಾದ ಕಾರಣವನ್ನು ಅವನನ್ನು ಸಾಕಿದ ಸಭೆಗಳಿಗೆ ಹೇಳಲಿಲ್ಲ. ಪೂರ್ತಿ ವಿವರಗಳ ತನಿಖಾ ವರದಿ ಹೊರಬಂದದ್ದು 2016ರಲ್ಲಿ. ಮಿಷನರಿಯ ಮುಖ ನೋಡಿ ಕೊಡುತ್ತೇವೆ, ಅದೇ ನಮ್ಮ ಲೆಕ್ಕಪರಿಶೋಧನೆ ಎನ್ನುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಊಟದ ಮೇಜಿನಲ್ಲಿ ಕಾಣುವ ಮುಖ ಪೂರ್ತಿ ಮುಖವಲ್ಲ. ನಾಲ್ವತ್ತು ಸಭೆಗಳು ಒಬ್ಬನನ್ನು ಸಾಕುವಾಗ ನಾಲ್ವತ್ತೂ ಉಳಿದ ಮೂವತ್ತೊಂಬತ್ತು ನೋಡಿಕೊಳ್ಳುತ್ತವೆ ಎಂದುಕೊಳ್ಳುತ್ತವೆ.

ಕಳಿಸಿದವನು ಯಾವುದಕ್ಕೆ ಉತ್ತರ ಹೇಳಬೇಕು, ಯಾರಿಗೆ ಹೇಳಬೇಕು ಎಂಬುದೇ ಇಲ್ಲಿನ ಪ್ರಶ್ನೆ ಎಂದು ನನಗೆ ತೋರುತ್ತದೆ. ಸಭೆಯ ಸ್ವಾತಂತ್ರ್ಯ ಎಂಬ ತತ್ವವನ್ನು ಹದಿನೇಳನೆಯ ಶತಮಾನದ ಬ್ಯಾಪ್ಟಿಸ್ಟರು ಕಟ್ಟಿದ್ದು ರಾಜನ ವಿರುದ್ಧ, ಬಿಷಪ್ಪನ ವಿರುದ್ಧ. ಮನಸ್ಸಾಕ್ಷಿಯ ಮೇಲೆ ರಾಜನಿಗೆ ಅಧಿಕಾರವಿಲ್ಲವೆಂದು ಬರೆದ ಥಾಮಸ್ ಹೆಲ್ವಿಸ್ ಲಂಡನ್ನಿನ ಸೆರೆಮನೆಯಲ್ಲಿ ಸತ್ತ. ಬಲವುಳ್ಳವನ ಎದುರು ಬಲವಿಲ್ಲದವನು ಹಿಡಿದ ಗುರಾಣಿ ಅದು. ಅದೇ ಗುರಾಣಿಯನ್ನು ಪಾಸ್ಟರ್ ತನ್ನ ಸಭೆಯ ಹುಡುಗಿಯ ಎದುರು, ಕಾರ್ಯಕಾರಿ ಸಮಿತಿ ಸಂತ್ರಸ್ತರ ಎದುರು ಹಿಡಿದರೆ ಅದು ಬ್ಯಾಪ್ಟಿಸ್ಟ್ ತತ್ವ ಅಲ್ಲ, ವಕೀಲನ ಸಲಹೆ.

ಮಿಷನರಿಯ ಕಡೆಯಿಂದ ನೋಡಿದರೆ ಎರಡೂ ಏರ್ಪಾಡು ಅವನಿಗೆ ಭದ್ರವಲ್ಲ. ಕನ್ವೆನ್ಷನ್ನಿನ ವಿದೇಶ ಸೇವೆಯ ಮಂಡಳಿ ವರ್ಷಗಟ್ಟಲೆ ಆದಾಯಕ್ಕಿಂತ ಹೆಚ್ಚು ಖರ್ಚು ಮಾಡಿ, 2015ರಲ್ಲಿ ಎಚ್ಚೆತ್ತು, ಕೆಲವೇ ತಿಂಗಳಲ್ಲಿ ಮಿಷನರಿ ಮತ್ತು ಸಿಬ್ಬಂದಿ ಸೇರಿ ಸಾವಿರಕ್ಕೂ ಹೆಚ್ಚು ಜನ ಹೊರಡುವಂತೆ ಮಾಡಿತು. ಐವತ್ತು ದಾಟಿದ, ಸ್ಥಳೀಯ ಭಾಷೆ ನೀರು ಕುಡಿದಂತೆ ಬರುತ್ತಿದ್ದ ಹಿರಿಯರೇ ಅವರಲ್ಲಿ ಹೆಚ್ಚು. ಸ್ವತಂತ್ರ ಮಿಷನರಿಗೆ ಅಂಥ ಸಿಡಿಲು ಬಡಿಯುವುದಿಲ್ಲ. ಅವನಿಗೆ ಬರುವುದು ಸವೆತ. ಒಂದು ಸಭೆಯ ಪಾಸ್ಟರ್ ಬದಲಾದ, ಐವತ್ತು ಡಾಲರ್ ನಿಂತಿತು. ಇನ್ನೊಂದು ಸಭೆ ಅವನು ಯಾವ ಬೈಬಲ್ ಅನುವಾದ ಓದುತ್ತಾನೆಂದು ಕೇಳಿತು, ಉತ್ತರ ಹಿಡಿಸಲಿಲ್ಲ, ನೂರು ನಿಂತಿತು. ರಜೆಗೆ ಊರಿಗೆ ಬಂದವನು ವಿಶ್ರಾಂತಿ ಪಡೆಯದೆ ಮತ್ತೆ ಕಾರು ಹತ್ತುತ್ತಾನೆ.

ಈಚೆಗೆ ಎರಡು ಗುಂಪುಗಳ ನಡುವಿನ ಗೆರೆಯೂ ಮಸುಕಾಗುತ್ತಿದೆ. 1980ರ ದಶಕದಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಸಭೆಗಳು ತಮ್ಮ ಕಾಣಿಕೆಯ ಸುಮಾರು ಹತ್ತರಲ್ಲೊಂದು ಪಾಲನ್ನು ಕೋಆಪರೇಟಿವ್ ಪ್ರೋಗ್ರಾಮಿಗೆ ಕೊಡುತ್ತಿದ್ದವು. ಈಗ ಅದರ ಅರ್ಧವೂ ಇಲ್ಲ. ದೊಡ್ಡ ಸಭೆಗಳು ತಮ್ಮದೇ ತಂಡಗಳನ್ನು ತಾವೇ ಕಳಿಸುತ್ತವೆ, ತಮ್ಮದೇ ಜಾಲ ಕಟ್ಟಿಕೊಳ್ಳುತ್ತವೆ, ಕನ್ವೆನ್ಷನ್ನಿನ ಹೆಸರನ್ನು ಬೋರ್ಡಿನಿಂದ ತೆಗೆದು ಸದಸ್ಯತ್ವವನ್ನು ಕಡತದಲ್ಲಿ ಉಳಿಸಿಕೊಳ್ಳುತ್ತವೆ. ಅತ್ತ ಸ್ವತಂತ್ರರ ಮಿಷನ್ ಸಂಸ್ಥೆಗಳು ವಿಮೆ, ನಿವೃತ್ತಿ ನಿಧಿ, ಮಕ್ಕಳ ಸುರಕ್ಷೆಯ ನಿಯಮ ಎಂದು ಒಂದೊಂದಾಗಿ ಸೇರಿಸುತ್ತಾ ಮಂಡಳಿಯ ರೂಪಕ್ಕೆ ಬರುತ್ತಿವೆ. ಇವೆರಡರಲ್ಲಿ ಎರಡನೆಯ ಚಲನೆ ನನಗೆ ಹೆಚ್ಚು ಭರವಸೆ ಕೊಡುತ್ತದೆ, ಏಕೆಂದರೆ ಏಟು ತಿಂದ ಮೇಲೆ ಕಲಿತದ್ದು ಅದು. ಮೊದಲನೆಯದರಲ್ಲಿ ದೊಡ್ಡ ಸಭೆಗಳಿಗೆ ಕನ್ವೆನ್ಷನ್ ಬೇಡವಾಗುತ್ತಿದೆ. ಅದರ ಹುಂಡಿಯಿಲ್ಲದೆ ಒಬ್ಬ ಮಿಷನರಿಯ ಅರ್ಧ ತಿಂಗಳ ಖರ್ಚನ್ನೂ ಹೊರಲಾಗದ ಅಲಬಾಮಾದ, ಮಿಸಿಸಿಪ್ಪಿಯ ಅರವತ್ತು ಜನರ ಸಭೆಗಳು ಮಾತ್ರ ಈಗಲೂ ಪ್ರತಿ ತಿಂಗಳು ತಮ್ಮ ಪಾಲು ಕಳಿಸುತ್ತಿವೆ.